ಪಕ್ಕಾ ವೆಲ್ಡಿಂಗ್‌ಗೆ ಮುಂಚೆ ಒಮ್ಮೆ ಆಡಿಸಿ ನೋಡಿ

ಕೆಂಗೇರಿಯಿಂದ ಭಾನುವಾರ ಸಾವನದುರ್ಗದ ಕಡೆಗೆ ಜಿಪ್ಸಿ, ಹಳೇ ಜೀಪು ಹೊರಡಿಸುವ ಗೆಳೆಯರೇ, ಒಂದು ಕಿವಿಮಾತು. ಮುಂದಿನ ಆಕ್ಸಲ್‌ನ ಲೀಫ್ ಸ್ಪ್ರಿಂಗ್ ಕಳಚಿ, ಲಿಂಕ್ ಮತ್ತು ಕಾಯಿಲ್ ಸ್ಪ್ರಿಂಗ್ ಹಾಕಿಸುವ ಆಸೆ ಹಲವರಿಗಿದೆ. ನೆನಪಿಡಿ, ಲೀಫ್ ಸ್ಪ್ರಿಂಗ್ ಭಾರ ಹೊರುವುದಷ್ಟೇ ಅಲ್ಲ, ಆಕ್ಸಲ್ಲನ್ನು ಅದರ ಜಾಗದಲ್ಲಿ ಹಿಡಿದಿಡುವುದೂ ಅದೇ. ಅದನ್ನು ತೆಗೆದ ಮೇಲೆ ಆ ಹೊಣೆಯೆಲ್ಲ ಲಿಂಕ್‌ಗಳದ್ದು.

ಗಾಡಿ ನಿಂತಿರುವಾಗ ಅಳತೆ ತೆಗೆದು ನೇರವಾಗಿ ವೆಲ್ಡಿಂಗ್ ಮಾಡಿಸುವುದೇ ಎಲ್ಲರೂ ಮಾಡುವ ತಪ್ಪು. ಮೊದಲು ಲಿಂಕ್‌ಗಳ ಬ್ರಾಕೆಟ್‌ಗಳಿಗೆ ಟಾಕಾ (ತಾತ್ಕಾಲಿಕ ಚುಕ್ಕಿ ವೆಲ್ಡಿಂಗ್) ಮಾತ್ರ ಹಾಕಿಸಿ. ಸ್ಪ್ರಿಂಗ್ ಬಿಚ್ಚಿಟ್ಟು, ಜಾಕ್‌ನಿಂದ ಆಕ್ಸಲ್ಲನ್ನು ಪೂರ್ತಿ ಮೇಲೆ, ಪೂರ್ತಿ ಕೆಳಗೆ, ಆಮೇಲೆ ಒಂದೊಂದೇ ಬದಿ ಎತ್ತಿಳಿಸಿ. ಸ್ಟೇರಿಂಗನ್ನೂ ಎರಡೂ ಕಡೆ ತಿರುಗಿಸಿ. ಟೈರ್ ಎಲ್ಲಿ ತಾಗುತ್ತದೆ, ಬ್ರೇಕ್ ಹೋಸ್ ಎಳೆಯುತ್ತದೆಯೇ, ಪ್ರೊಪೆಲ್ಲರ್ ಶಾಫ್ಟ್ ಬಿಗಿಯುತ್ತದೆಯೇ ನೋಡಿ.

ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಪ್ಯಾನ್‌ಹಾರ್ಡ್ ರಾಡ್ ಮತ್ತು ಸ್ಟೇರಿಂಗ್‌ನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಡ್ರ್ಯಾಗ್ ಲಿಂಕ್ ಆದಷ್ಟೂ ಸಮಾನ ಉದ್ದವಿರಲಿ, ಸಮಾನಾಂತರವಾಗಿರಲಿ. ಇಲ್ಲದಿದ್ದರೆ ಪ್ರತಿ ಹಳ್ಳಕ್ಕೂ ಸ್ಟೇರಿಂಗ್ ತಾನೇ ಎಳೆಯುತ್ತದೆ. ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾದರೆ ಮೈಸೂರು ರಸ್ತೆಯ ವೇಗದಲ್ಲಿ ಗಾಡಿ ಅಲೆಯುತ್ತದೆ. ರಬ್ಬರ್ ಬುಷ್‌ನ ಬೋಲ್ಟ್‌ಗಳನ್ನು ಗಾಡಿಯ ಭಾರ ಚಕ್ರದ ಮೇಲೆ ಕೂತ ನಂತರವೇ ಕೊನೆಯ ಬಿಗಿ ಮಾಡಿಸಿ.

ಇನ್ನೊಂದು ಮಾತು. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ವಾಹನದ ಮಾರ್ಪಾಡಿಗೆ ಮಿತಿ ಹಾಕಿದೆ. ಕೈ ಹಾಕುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.

ಎರಡು ದಿನ ತಡವಾದರೂ ಪರವಾಗಿಲ್ಲ, ಆಡಿಸಿ ನೋಡದೆ ಪಕ್ಕಾ ವೆಲ್ಡಿಂಗ್ ಬೇಡ. ಪಕ್ಕದ ಸೀಟಿನಲ್ಲಿ ಕೂರುವವರು ನಿಮ್ಮ ಮನೆಯವರೇ.