ನೀರು ಎಲ್ಲಿಗೆ ಹೋಗುತ್ತಿದೆ?



ಹಪ್ಪಳ, ಉಪ್ಪಿನಕಾಯಿ, ಅಡುಗೆ ಆರ್ಡರ್ ಅಂತ ವ್ಯಾಪಾರಕ್ಕೆ ಇಳಿದ ಕೆಲವು ಸಂಘಗಳು ಸಾಲ ಮಾಡಿ ಹಳೆಯ ಮಾರುತಿ ಓಮ್ನಿ ಇಟ್ಟುಕೊಂಡಿವೆ. ಓಮ್ನಿ ತಯಾರಿಕೆ 2019ರಲ್ಲೇ ನಿಂತುಹೋಯಿತು. ಹಾಗಾಗಿ ಈಗ ಸಿಗುವ ಓಮ್ನಿ ಯಾವುದಾದರೂ ವಯಸ್ಸಾದದ್ದೇ. ಈ ಸಲದ ಪಾಠ ಆ ಗಾಡಿಯ ನೀರಿನ ಬಗ್ಗೆ.

ನಮಗೆ ಗೊತ್ತಿರುವ ಮಲೆನಾಡಿನ ಒಂದು ಸಂಘದಲ್ಲಿ ಗಾಡಿ ಓಡಿಸುವ ಸದಸ್ಯೆ ದಿನಾ ಬೆಳಿಗ್ಗೆ ರೇಡಿಯೇಟರಿಗೆ ಒಂದು ಬಾಟಲಿ ನೀರು ಹಾಕುತ್ತಿದ್ದರು. ಕೇಳಿದರೆ, "ಹಳೇ ಗಾಡಿ ಅಲ್ವಾ ಅಕ್ಕ, ನೀರು ಕುಡೀತದೆ" ಅನ್ನುತ್ತಿದ್ದರು. ಎರಡು ತಿಂಗಳು ಹೀಗೇ ನಡೆಯಿತು. ಒಂದು ದಿನ ಉಡುಪಿಯಲ್ಲಿ ಮಾಲು ಇಳಿಸಿ ವಾಪಸ್ ಬರುವಾಗ ಆಗುಂಬೆ ಘಾಟಿಯ ತಿರುವಿನಲ್ಲಿ ಸೀಟಿನ ಕೆಳಗಿನಿಂದ ಹಬೆ ಎದ್ದಿತು. ಓಮ್ನಿಯ ಇಂಜಿನ್ ಇರುವುದೇ ಮುಂದಿನ ಸೀಟಿನ ಕೆಳಗೆ. "ಇನ್ನೇನು ಮೇಲೆ ಹತ್ತಿಬಿಟ್ಟರೆ ಆಯ್ತು" ಅಂತ ಹಾಗೇ ಓಡಿಸಿದರು. ಹೆಡ್ ಸೊಟ್ಟಗಾಯಿತು. ಗಾಡಿ ಗ್ಯಾರೇಜಿನಲ್ಲಿ ನಿಂತಿತು, ಸಾಲದ ಕಂತು ಮಾತ್ರ ನಿಲ್ಲಲಿಲ್ಲ.

ಇಂಜಿನ್ನಿನ ನೀರು ಕುಡಿದು ಮುಗಿಯುವ ವಸ್ತುವಲ್ಲ. ಅದು ಒಳಗೇ ಸುತ್ತುತ್ತಾ ಇರಬೇಕು. ಪದೇ ಪದೇ ಕಡಿಮೆಯಾದರೆ ಎಲ್ಲಿಂದಲೋ ಹೊರಗೆ ಹೋಗುತ್ತಿದೆ ಅಂತಲೇ ಅರ್ಥ.

ಕುಕ್ಕರ್ ನೆನಪಿಸಿಕೊಳ್ಳಿ. ಮುಚ್ಚಳ ಒತ್ತಡ ಹಿಡಿಯುವುದರಿಂದ ಒಳಗಿನ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, ಸುಮಾರು 120ರ ತನಕ ತಡೆಯುತ್ತದೆ. ರೇಡಿಯೇಟರಿನ ಮುಚ್ಚಳದ ಕೆಲಸವೂ ಇದೇ. ಅದರ ರಬ್ಬರ್ ಹೋದರೆ ಒತ್ತಡ ನಿಲ್ಲದೆ ನೀರು ಬೇಗ ಕುದಿದು ಚೆಲ್ಲುತ್ತದೆ. ಇದು ಕಡಿಮೆ ದುಡ್ಡಿನ ಸಾಮಾನು, ಮೊದಲು ಇದನ್ನೇ ಅನುಮಾನಿಸಿ. ಮುಚ್ಚಳ ಕೆಟ್ಟರೆ ಪಕ್ಕದ ಡಬ್ಬದಲ್ಲಿ ನೀರು ತುಂಬಿದ್ದರೂ ರೇಡಿಯೇಟರ್ ಖಾಲಿ ಇರಬಹುದು. ಆದ್ದರಿಂದ ಇಂಜಿನ್ ಪೂರ್ತಿ ತಣ್ಣಗಿರುವಾಗ ಎರಡನ್ನೂ ನೋಡಬೇಕು. ಬಿಸಿ ಇರುವಾಗ ಮುಚ್ಚಳ ತೆಗೆಯುವುದು ಸೀಟಿ ಹೊಡೆಯುವ ಕುಕ್ಕರ್ ತೆಗೆದ ಹಾಗೆ. ಮುಖ ಸುಟ್ಟೀತು.

ಹೆಡ್ ಗ್ಯಾಸ್ಕೆಟ್ ಅಂದರೂ ಅಂಥದ್ದೇ ಗ್ಯಾಸ್ಕೆಟ್. ಇಂಜಿನ್ನಿನ ಕೆಳಗಿನ ಭಾಗ ಬ್ಲಾಕ್, ಮೇಲಿನದು ಹೆಡ್. ಎರಡರ ನಡುವಿನ ತೆಳು ಹಾಳೆಯೇ ಗ್ಯಾಸ್ಕೆಟ್. ಪೆಟ್ರೋಲ್ ಉರಿಯುವ ಜಾಗ, ನೀರಿನ ದಾರಿ, ಆಯಿಲ್ ದಾರಿ ಮೂರನ್ನೂ ಅದು ಬೇರೆ ಬೇರೆಯಾಗಿ ಇಡುತ್ತದೆ. ಓಮ್ನಿಯ ಹೆಡ್ ಅಲ್ಯೂಮಿನಿಯಂನದು. ಅತಿಯಾಗಿ ಬಿಸಿಯಾದರೆ ಬಾಗುತ್ತದೆ, ಆಗ ಗ್ಯಾಸ್ಕೆಟ್ ಹಿಡಿತ ಬಿಡುತ್ತದೆ.

ಹಾಗಂತ ನೀರು ಕಡಿಮೆಯಾದ ಕೂಡಲೇ ಹೆಡ್ ಬಿಚ್ಚಿಸಲು ಓಡಬೇಡಿ. ಮೊದಲು ಹೊರಗಿನ ಸೋರಿಕೆ ಹುಡುಕಿ. ರಾತ್ರಿ ಗಾಡಿಯ ಕೆಳಗೆ ಹಳೆಯ ರಟ್ಟು ಹಾಸಿ. ಬೆಳಿಗ್ಗೆ ಹಸಿರೋ ಕೆಂಪೋ ಬಣ್ಣದ, ಕೈಗೆ ಜಾರುವ ಹನಿ ಇದ್ದರೆ ಅದು ಕೂಲಂಟ್. ಬರೀ ನೀರು ಹಾಕುವ ಗಾಡಿಯಲ್ಲಿ ತುಕ್ಕಿನ ಕಲೆ ಕಾಣಬಹುದು. ಎ.ಸಿ. ಇದ್ದರೆ ಅದರಿಂದ ಬೀಳುವ ತಿಳಿ ನೀರು ನೋಡಿ ಗಾಬರಿ ಬೇಡ. ಪೈಪಿನ ಕ್ಲಿಪ್, ರೇಡಿಯೇಟರಿನ ಅಂಚು, ನೀರಿನ ಪಂಪಿನ ಕೆಳಭಾಗದಲ್ಲಿ ಒಣಗಿದ ಉಪ್ಪಿನಂಥ ಕಲೆ ಇದೆಯಾ ನೋಡಿ. ಇನ್ನೊಂದು ಸಂಘಕ್ಕೂ ಮೆಕ್ಯಾನಿಕ್ "ಹೆಡ್ ಬಿಚ್ಚಬೇಕು" ಅಂದಿದ್ದರು. "ಮೊದಲು ಪ್ರೆಶರ್ ಹಾಕಿ ನೋಡಣ್ಣ" ಅಂತ ಆ ಸಹೋದರಿಯರು ಪಟ್ಟು ಹಿಡಿದರು. ರೇಡಿಯೇಟರಿಗೆ ಕೈಪಂಪಿನಿಂದ ಒತ್ತಡ ಕೊಟ್ಟಾಗ ನೀರಿನ ಪಂಪಿನಿಂದ ಹನಿ ಇಳಿಯಿತು. ಪಂಪ್ ಬದಲಾಯಿಸಿದರು, ಅಷ್ಟೇ.

ಹೊರಗೆ ಎಲ್ಲೂ ಒದ್ದೆ ಇಲ್ಲ, ಆದರೂ ನೀರು ಇಳಿಯುತ್ತಿದೆ ಅಂದರೆ ಒಳಗೆ ಹೋಗುತ್ತಿರಬಹುದು. ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಹಾಲು ಬೆರೆಸಿದ ಕಾಫಿಯ ಹಾಗೆ ಕಂಡರೆ ಅದರಲ್ಲಿ ನೀರು ಸೇರಿದೆ. ಗಾಡಿ ಸ್ಟಾರ್ಟ್ ಮಾಡಲೇಬೇಡಿ. ಆಯಿಲ್ ತುಂಬುವ ಮುಚ್ಚಳದ ಒಳಗೆ ಮಾತ್ರ ಸ್ವಲ್ಪ ಕೆನೆ ಇದ್ದರೆ ಅದು ಚಳಿಗಾಲದಲ್ಲಿ ಹತ್ತಿರ ಹತ್ತಿರ ಓಡಿಸಿದಾಗಲೂ ಬರುತ್ತದೆ. ಸೈಲೆನ್ಸರಿನಿಂದ ಚಳಿಯ ಬೆಳಿಗ್ಗೆ ಬಿಳಿ ಹಬೆ ಬಂದು ನಿಂತುಹೋಗುವುದು ಸಹಜ. ಇಂಜಿನ್ ಬಿಸಿಯಾದ ಮೇಲೂ ದಟ್ಟವಾಗಿ, ಸಿಹಿ ವಾಸನೆಯೊಂದಿಗೆ ಬರುತ್ತಿದ್ದರೆ ಅದು ಒಳಗೆ ಸುಡುತ್ತಿರುವ ಕೂಲಂಟ್. ಮತ್ತೊಂದು ಪರೀಕ್ಷೆ: ತಣ್ಣಗಿನ ಇಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆದು, ನೀರು ತುಂಬಿ, ಸ್ಟಾರ್ಟ್ ಮಾಡಿ ದೂರ ನಿಂತು ನೋಡಿ. ಮೊದಲು ನಾಲ್ಕು ಗುಳ್ಳೆ ಬಂದು ನಿಂತರೆ ಪರವಾಗಿಲ್ಲ. ನಿಲ್ಲದೆ ಬುಳುಬುಳು ಬರುತ್ತಿದ್ದರೆ ಉರಿದ ಹೊಗೆ ನೀರಿಗೆ ನುಗ್ಗುತ್ತಿದೆ ಅಂತ ಅನುಮಾನ. ಬಿಸಿಯಾಗುವ ಮೊದಲೇ ಬಂದ್ ಮಾಡಿ. ಖಚಿತ ಮಾಡಿಕೊಳ್ಳಲು ಗ್ಯಾರೇಜಿನಲ್ಲಿ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಅಕ್ಕಪಕ್ಕದ ಎರಡು ಸಿಲಿಂಡರಿನಲ್ಲಿ ಕಡಿಮೆ ಬಂದರೆ ಅವುಗಳ ನಡುವೆ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಹೆಚ್ಚು.

ದಾರಿಯಲ್ಲಿ ಬಿಸಿಯ ಮುಳ್ಳು ಮೇಲೇರಿದರೆ ಎ.ಸಿ. ಆರಿಸಿ, ಬದಿಗೆ ನಿಲ್ಲಿಸಿ, ಇಂಜಿನ್ ಬಂದ್ ಮಾಡಿ. ಕನಿಷ್ಠ ಅರ್ಧ ಗಂಟೆ ಮುಟ್ಟಬೇಡಿ. ಕಾದ ಇಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು. ಮುಳ್ಳನ್ನೇ ಪೂರ್ತಿ ನಂಬಲೂಬೇಡಿ: ನೀರು ತೀರಾ ಕಡಿಮೆಯಾದಾಗ ಬಿಸಿ ಅಳೆಯುವ ತುದಿ ನೀರಿನಲ್ಲಿ ಮುಳುಗಿರುವುದಿಲ್ಲ, ಮುಳ್ಳು ಕೆಳಗೇ ಇರುತ್ತದೆ, ಇಂಜಿನ್ ಮಾತ್ರ ಸುಡುತ್ತಿರುತ್ತದೆ.

ಹೆಡ್ ಬಿಚ್ಚಲೇಬೇಕಾದರೆ ಎದುರಿಗೆ ನಿಂತು ಕೇಳಿ: ಹೆಡ್ ಸಮವಾಗಿದೆಯಾ, ಅಳತೆಪಟ್ಟಿ ಇಟ್ಟು ನೋಡಿದಿರಾ? ಬಿರುಕು ಪರೀಕ್ಷೆ ಆಯ್ತಾ? ಬೋಲ್ಟ್ ಬಿಗಿಯಲು ಟಾರ್ಕ್ ರೆಂಚ್ ಇದೆಯಾ? ಬಾಗಿದ ಹೆಡ್ಡಿಗೆ ಹೊಸ ಗ್ಯಾಸ್ಕೆಟ್ ಹಾಕಿದರೆ ಅದೂ ಹೋಗುತ್ತದೆ. ಬಿಸಿಯಾಗಲು ಮೂಲ ಕಾರಣ ಏನು ಅಂತಲೂ ಕೇಳಿ. ಕೆಲವರು ಥರ್ಮೋಸ್ಟಾಟ್ ಕಿತ್ತು ಬಿಸಾಡಿ "ಇನ್ನು ಬಿಸಿಯಾಗಲ್ಲ" ಅನ್ನುತ್ತಾರೆ. ಒಪ್ಪಬೇಡಿ. ಇಂಜಿನ್ ಬೇಕಾದಷ್ಟು ಬಿಸಿಗೆ ಬಾರದೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ.

ಮನೆಯವರ ಗಮನಕ್ಕೆ ಒಂದು ಮಾತು. ಕೂಲಂಟ್ ರುಚಿಗೆ ಸಿಹಿ, ಆದರೆ ವಿಷ. ಕುಡಿಯುವ ನೀರಿನ ಬಾಟಲಿಯಲ್ಲಿ ತುಂಬಿ ಇಡಲೇಬೇಡಿ. ಮಕ್ಕಳಿದ್ದಾರೆ, ನಾಯಿ ಬೆಕ್ಕುಗಳಿವೆ.

ಆಗುಂಬೆಯಲ್ಲಿ ಗಾಡಿ ನಿಂತ ಸಂಘದವರು ಈಗ ಸ್ಟಿಯರಿಂಗ್ ಪಕ್ಕ ಒಂದು ಸಣ್ಣ ಪುಸ್ತಕ ಕಟ್ಟಿದ್ದಾರೆ. ತಾರೀಕು, ಓಡಿದ ಕಿಲೋಮೀಟರ್, ಹಾಕಿದ ನೀರು, ಇಷ್ಟೇ. ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕದ ಜೊತೆ ಇದನ್ನೂ ಓದುತ್ತಾರೆ.

ಸಭೆಯಲ್ಲಿ ಚರ್ಚಿಸಿ: ನಮ್ಮ ಗಾಡಿಗೆ ಕಳೆದ ತಿಂಗಳು ಎಷ್ಟು ನೀರು ಹಾಕಿದ್ದೇವೆ? ಅದು ಯಾರಿಗೆ ಗೊತ್ತು? ದಾರಿಯಲ್ಲಿ ಗಾಡಿ ಬಿಸಿಯಾದರೆ ಆರ್ಡರ್ ತಡವಾದರೂ ಸರಿ, ನಿಲ್ಲಿಸು ಅಂತ ಓಡಿಸುವವಳಿಗೆ ನಾವು ಹೇಳಿದ್ದೇವೆಯೇ?