ಫೀಸಿಲ್ಲದ ಓದು, ಮಾವನ ಸೈಟು

ನಾನು ಸಾಗರಕ್ಕೆ ಹೋದಾಗಲೆಲ್ಲ ಯಾರಾದರೊಬ್ಬರು ಮಗಳನ್ನೋ ಮಗನನ್ನೋ ಕರೆದುಕೊಂಡು ಬಂದು ಜಗಲಿಯಲ್ಲಿ ಕೂರುತ್ತಾರೆ. ಕಾಫಿ ಬರುವ ಮೊದಲೇ ಪ್ರಶ್ನೆ ಬರುತ್ತದೆ: ‘ಜರ್ಮನಿಯಲ್ಲಿ ಫೀಸೇ ಇಲ್ವಂತಲ್ಲ?’

ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಇಲ್ಲ, ನಿಜ. ಆದರೆ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ ಯುರೋಪ್ ಒಕ್ಕೂಟದ ಹೊರಗಿನವರಿಂದ 2017ರಿಂದಲೇ ಸೆಮಿಸ್ಟರಿಗೆ 1,500 ಯೂರೋ ತೆಗೆದುಕೊಳ್ಳುತ್ತಿದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಲ್ಲಿ ಅದೇ ಹಾದಿ ಹಿಡಿಯಿತು. ನಾನು ಓದಿದ ಸುಸ್ಥಿರ ವ್ಯವಹಾರದ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹೆಸರು ಹೆಚ್ಚುಕಮ್ಮಿ ಒಂದೇ ಇದ್ದರೂ ಡಿಗ್ರಿ ಮುಗಿಸಿ ನೇರ ಸೇರುವ ಸ್ನಾತಕೋತ್ತರಕ್ಕೆ ಫೀಸಿರುವುದಿಲ್ಲ, ಕೆಲಸದಲ್ಲಿರುವವರಿಗಾಗಿ ನಡೆಸುವ ಎಂಬಿಎಗೆ ಸಾವಿರಾರು ಯೂರೋ ಇರುತ್ತದೆ. ಅರ್ಜಿ ಹಾಕುವಾಗ ಕೋರ್ಸಿನ ಹೆಸರಿಗಿಂತ ಅದರ ಜಾತಿ ನೋಡಬೇಕು.

ನಾನು 2023ರಲ್ಲಿ ಹೋದದ್ದು ಹ್ಯಾಂಬರ್ಗ್‌ಗೆ ರೈಲಿನಲ್ಲಿ ಅರ್ಧ ಗಂಟೆ ದೂರದ ಲ್ಯೂನೆಬುರ್ಗ್‌ಗೆ. ಫೀಸು ಸೊನ್ನೆ. ಆದರೂ ವೀಸಾ ಸಿಗಬೇಕಾದರೆ ಒಂದು ವರ್ಷದ ಊಟ-ವಸತಿಯ ದುಡ್ಡನ್ನು ಮೊದಲೇ ಬ್ಲಾಕ್ಡ್ ಅಕೌಂಟಿನಲ್ಲಿ ಇಡಬೇಕು. ಆಗ ಅದು 11,208 ಯೂರೋ. 2024ರ ಸೆಪ್ಟೆಂಬರಿನಿಂದ 11,904. ದುಡ್ಡು ನಮ್ಮದೇ, ಆದರೆ ತಿಂಗಳಿಗೆ ಹನ್ನೆರಡರಲ್ಲಿ ಒಂದು ಪಾಲು ಮಾತ್ರ ಕೈಗೆ ಬರುತ್ತದೆ. ರೂಪಾಯಿ ಲೆಕ್ಕದಲ್ಲಿ ವರ್ಷಕ್ಕೆ ಹತ್ತು ಲಕ್ಷ, ಎರಡು ವರ್ಷಕ್ಕೆ ಇಪ್ಪತ್ತು.

ಸಾಲಕ್ಕೆ ಅಡಮಾನ ಬೇಕಿತ್ತು. ನಮ್ಮ ಅಡಿಕೆ ತೋಟ ಕೃಷಿ ಭೂಮಿಯಾದ್ದರಿಂದ ಬ್ಯಾಂಕಿನವರು ಬೇಡವೆಂದರು. ಶಿವಮೊಗ್ಗದಲ್ಲಿದ್ದ ಸೋದರಮಾವ ಯಾರೂ ಕೇಳುವ ಮೊದಲೇ ತಮ್ಮ ಸೈಟಿನ ಪತ್ರ ತಂದುಕೊಟ್ಟರು. ‘ಅದು ಮಾವನ ಸೈಟು, ನೆನಪಿರಲಿ’ ಎಂದಷ್ಟೇ ಅಪ್ಪ ಹೇಳಿದ್ದು.

ನಾನು ಓದಲು ಹೋದ ವಿಷಯದ ಬೆನ್ನೆಲುಬೇ ಇದು ಎಂದು ಆಮೇಲೆ ತರಗತಿಯಲ್ಲಿ ಗೊತ್ತಾಯಿತು. ಒಂದು ವ್ಯವಹಾರದ ನಿಜವಾದ ಖರ್ಚು ಅದರ ಲೆಕ್ಕಪುಸ್ತಕದಲ್ಲೇ ಇರಬೇಕೆಂದಿಲ್ಲ. ಬೇರೆ ಯಾರದೋ ಪುಸ್ತಕದಲ್ಲಿ ಬಿದ್ದಿರಬಹುದು. ಲ್ಯೂನೆಬುರ್ಗ್‌ನಲ್ಲಿ ಇದನ್ನು ತೋರಿಸಲು ಸ್ಲೈಡ್ ಬೇಕಿಲ್ಲ. ಆ ಊರು ಶ್ರೀಮಂತವಾದದ್ದು ಉಪ್ಪಿನಿಂದ. ನೆಲದಡಿಯ ಉಪ್ಪುನೀರನ್ನು ಎತ್ತಿ ಕಾಯಿಸಿ ಶತಮಾನಗಳ ಕಾಲ ಮಾರಿದರು. ಕಾರ್ಖಾನೆ ಮುಚ್ಚಿದ್ದು 1980ರಲ್ಲಿ. ಉಪ್ಪು ಕರಗಿ ಹೋದಲ್ಲೆಲ್ಲ ನೆಲ ಕುಸಿಯಿತು. ಸೇಂಟ್ ಲಾಂಬರ್ಟಿ ಎಂಬ ಹಳೆಯ ಚರ್ಚನ್ನು ಇದೇ ಕಾರಣಕ್ಕೆ 1860ರ ಸುಮಾರಿಗೆ ಕೆಡವಬೇಕಾಯಿತು. ಹಳೇ ಬಡಾವಣೆಯೊಂದರಲ್ಲಿ ಈಗಲೂ ಗೋಡೆಗಳು ವಾಲಿಕೊಂಡು ನಿಂತಿವೆ, ಪ್ರವಾಸಿಗರು ಫೋಟೊ ತೆಗೆಯುತ್ತಾರೆ. ಉಪ್ಪು ಮಾರಿದವರ ಲಾಭದಲ್ಲಿ ಈ ಬಿರುಕುಗಳ ರಿಪೇರಿ ಯಾವತ್ತೂ ಕಳೆದಿರಲಿಕ್ಕಿಲ್ಲ.

ವಿದೇಶದ ಓದಿಗೆ ನಾವು ಹಾಕುವ ಎಕ್ಸೆಲ್ ಶೀಟಿನಲ್ಲಿ ಬಾಡಿಗೆ ಇರುತ್ತದೆ, ಆರೋಗ್ಯ ವಿಮೆ ಇರುತ್ತದೆ, ಮನೆಗೊಂದರಂತೆ ತಿಂಗಳಿಗೆ ಕೊಡಬೇಕಾದ 18.36 ಯೂರೋ ರೇಡಿಯೊ-ಟೀವಿ ಶುಲ್ಕವೂ ಇರುತ್ತದೆ. ಅಮ್ಮ ಮುರಿದ ಎಫ್‌ಡಿ ಇರುವುದಿಲ್ಲ. ಮಾವ ಆ ಸೈಟಿನಲ್ಲಿ ಮನೆ ಕಟ್ಟಬೇಕೆಂದಿದ್ದರು. ಮೂಲಪತ್ರ ಬ್ಯಾಂಕಿನ ತಿಜೋರಿಯಲ್ಲಿರುವಾಗ ಅವರಿಗೆ ಗೃಹಸಾಲ ಹುಟ್ಟುವುದು ಹೇಗೆ? ಅಷ್ಟರಲ್ಲಿ ಮರಳು, ಕಬ್ಬಿಣ, ಕೂಲಿ ಏರಿದರೆ ಆ ವ್ಯತ್ಯಾಸವೂ ನನ್ನ ಓದಿನ ಖರ್ಚೇ. ಬಂದು ಕೂತವರಿಗೆ ನಾನು ಇದನ್ನೇ ಮೊದಲು ಕೇಳುತ್ತೇನೆ: ಯಾರ ಆಸ್ತಿ, ಅದರಿಂದ ಅವರ ಯಾವ ಕೆಲಸ ನಿಲ್ಲುತ್ತದೆ? ಕೆಲವರಿಗೆ ಇಷ್ಟವಾಗುವುದಿಲ್ಲ.

ಇನ್ನು ಬಡ್ಡಿ. ಓದಿನ ಅವಧಿ, ಆಮೇಲೊಂದು ವರ್ಷ ಕಂತು ಕಟ್ಟಬೇಕಿಲ್ಲ ಎಂದಾಗ ಬಡ್ಡಿಯೂ ನಿದ್ದೆ ಮಾಡುತ್ತದೆಂದು ಬಹಳ ಜನ ತಿಳಿದಿದ್ದಾರೆ. ಶೇಕಡ 10.5ರಂತೆ ಇಪ್ಪತ್ತು ಲಕ್ಷವನ್ನು ಒಂದೇ ಸಲ ಎತ್ತಿದರೆ ಮೂರು ವರ್ಷಕ್ಕೆ ಸರಳ ಬಡ್ಡಿಯೇ 6.3 ಲಕ್ಷ. ವರ್ಷಕ್ಕೆ ಹತ್ತರಂತೆ ಎರಡು ಸಲ ಎತ್ತಿದರೆ 5.25 ಲಕ್ಷ. ಒಂದು ಲಕ್ಷದಷ್ಟು ಉಳಿಸಲು ಬೇಕಾದದ್ದು ಒಂದು ಪತ್ರ, ಒಂದು ಸಹಿ. ಈ 5.25 ಲಕ್ಷವನ್ನು ಹಾಗೇ ಬಿಟ್ಟರೆ ಅದು ಅಸಲಿಗೆ ಸೇರಿ, ಹತ್ತು ವರ್ಷದ ಅವಧಿಗೆ ಕಂತು ತಿಂಗಳಿಗೆ 34,000 ದಾಟುತ್ತದೆ. ಆಗಾಗಲೇ ಕಟ್ಟಿಕೊಂಡು ಬಂದರೆ ಕಂತು 27,000ದ ಒಳಗೇ.

ನಾನು ಕಟ್ಟಿದ್ದು ಬೇಕರಿಯ ಕೆಲಸದಿಂದ. ಅಲ್ಲಿ ‘ಮಿನಿಜಾಬ್’ ಎಂಬ ವ್ಯವಸ್ಥೆಯಿದೆ. 2024ರಲ್ಲಿ ತಿಂಗಳಿಗೆ 538 ಯೂರೋವರೆಗೆ ದುಡಿಯಬಹುದಿತ್ತು, ಕನಿಷ್ಠ ಕೂಲಿ ಗಂಟೆಗೆ 12.41. ಮೊದಲ ವರ್ಷದ ಬಡ್ಡಿ ತಿಂಗಳಿಗೆ 8,750 ರೂಪಾಯಿ, ನೂರು ಯೂರೋಗಿಂತ ಕಡಿಮೆ. ಎರಡನೇ ವರ್ಷ ಅದರ ದುಪ್ಪಟ್ಟು. ಚಳಿಗಾಲದ ಬೆಳಗಿನ ಐದು ಗಂಟೆಗೆ ಬ್ರೆಡ್ ಜೋಡಿಸುವುದು ಸುಖವಲ್ಲ. ಆದರೆ ಗಿರಾಕಿಗಳ ಬಾಯಿಂದ ಬಂದಷ್ಟು ಜರ್ಮನ್ ನನಗೆ ಯಾವ ಕ್ಲಾಸಿನಿಂದಲೂ ಬರಲಿಲ್ಲ, ಮುಂದೆ ಆ ಭಾಷೆಯೇ ಬೆಲೆ ಬಾಳಿತು.

ಏಕೆಂದರೆ 2025ರಲ್ಲಿ ಗಾಳಿ ತಿರುಗಿತು. ಸುಸ್ಥಿರತೆಯ ವರದಿ ಕಡ್ಡಾಯ ಮಾಡುವ ಯುರೋಪಿನ ನಿಯಮ ಸುಮಾರು 50,000 ಕಂಪನಿಗಳಿಗೆ ಬರುತ್ತದೆಂದು ನಂಬಿ ನಾವೆಲ್ಲ ಕೋರ್ಸು ಸೇರಿದ್ದೆವು. ಫೆಬ್ರವರಿಯಲ್ಲಿ ಯುರೋಪಿಯನ್ ಕಮಿಷನ್ ಅದರಲ್ಲಿ ಶೇಕಡ 80ರಷ್ಟನ್ನು ಕೈಬಿಡುವ ಪ್ರಸ್ತಾವ ಇಟ್ಟಿತು. ವರದಿ ಬರೆಯುವವರನ್ನು ಹುಡುಕುವ ಜಾಹೀರಾತುಗಳು ನನ್ನ ಕಣ್ಣೆದುರೇ ತೆಳುವಾದವು. ತಡೆದುಕೊಂಡವರು ಲೆಕ್ಕ ಕಲಿತವರು: ಒಂದು ಟನ್ ಉಕ್ಕಿಗೆ ಎಷ್ಟು ಇಂಗಾಲ ಎಂದು ಕಾರ್ಖಾನೆಯ ಬಿಲ್ಲುಗಳಿಂದ ಕೂಡಿ ತೆಗೆಯಬಲ್ಲವರು. ಉಕ್ಕು, ಅಲ್ಯೂಮಿನಿಯಂ, ಸಿಮೆಂಟಿನ ಆಮದಿನ ಮೇಲೆ ಯುರೋಪಿನ ಗಡಿ ಇಂಗಾಲ ಶುಲ್ಕ 2026ರ ಜನವರಿಯಿಂದ ಜಾರಿಯಾಗಿರುವುದರಿಂದ ಆ ಲೆಕ್ಕ ಭಾರತದ ರಫ್ತುದಾರರಿಗೂ ಬೇಕು. ನನಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದ್ದು ಹಾಗೆ. ಆ ಕಡೆಯ ಖರೀದಿದಾರರ ಜೊತೆ ಜರ್ಮನ್‌ನಲ್ಲೇ ಮಾತಾಡುತ್ತೇನೆ.

ಸಂಬಳ ಮಾತ್ರ ರೂಪಾಯಿಯಲ್ಲಿ. 2022ರ ಸೆಪ್ಟೆಂಬರಿನಲ್ಲಿ 80ರ ಆಸುಪಾಸಿನಲ್ಲಿದ್ದ ಯೂರೋ 2025ರಲ್ಲಿ ನೂರು ದಾಟಿತು. ಅಲ್ಲೇ ಉಳಿದ ಗೆಳೆಯರಿಗೆ ಸಾಲ ತನ್ನಷ್ಟಕ್ಕೇ ಹಗುರಾಯಿತು, ಹಿಂದಿರುಗಿದವರಿಗೆ ಆ ಅನುಕೂಲವಿಲ್ಲ. ಹಾಗಾಗಿ ಎಷ್ಟು ಸಾಲ ತೆಗೆಯಬಹುದು ಎಂಬುದನ್ನು ಹ್ಯಾಂಬರ್ಗ್‌ನ ಸಂಬಳದಿಂದಲ್ಲ, ಬೆಂಗಳೂರಿನಲ್ಲಿ ಹೊಸಬರಿಗೆ ಸಿಗುವ ಸಂಬಳದಿಂದಲೇ ಅಳೆಯಿರಿ ಎನ್ನುತ್ತೇನೆ. ಕಂತು ಅದರ ಮೂರನೇ ಒಂದು ಭಾಗ ಮೀರಿದರೆ ಒಂದು ವರ್ಷ ದುಡಿದು, ಕೂಡಿಟ್ಟು ಹೋಗಲಿ. ಸೀಟು ಮುಂದಿನ ವರ್ಷವೂ ಸಿಗುತ್ತದೆ.

ನಮ್ಮ ಆಡಿಟರ್‌ಗೆ ನನ್ನ ಮೇಲೆ ಸಣ್ಣ ಅಸಮಾಧಾನವಿದೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಶಿಕ್ಷಣ ಸಾಲದ ಬಡ್ಡಿಗೆ ಎಂಟು ವರ್ಷ ವಿನಾಯಿತಿ ಇರುವಾಗ ಅವಸರವೇಕೆ, ಆ ದುಡ್ಡನ್ನು ಫಂಡಿಗೆ ಹಾಕು ಎನ್ನುತ್ತಾರೆ. ಅವರ ಲೆಕ್ಕ ಸರಿಯಿದೆ. ನಾನು ಬೋನಸ್ ಬಂದಾಗಲೆಲ್ಲ ಅಸಲಿಗೇ ಕಟ್ಟುತ್ತಿದ್ದೇನೆ. ಬದಲಾಗುವ ಬಡ್ಡಿದರದ ಸಾಲವಾದ್ದರಿಂದ ಮುಂಚಿತವಾಗಿ ಕಟ್ಟಿದರೆ ದಂಡವೇನಿಲ್ಲ. ಮಾವ ಮನೆಯ ನಕ್ಷೆ ಬರೆಸಿಟ್ಟಿದ್ದಾರೆ, ಅವರಿಗೆ ಪತ್ರ ಬೇಕು.