ಎಣ್ಣೆ ಕುಡಿಸಿದರೆ ಹಾಲಿನ ಫ್ಯಾಟ್ ಏರುವುದಿಲ್ಲ

ಡೈರಿಯಲ್ಲಿ ಫ್ಯಾಟ್ ಕಡಿಮೆ ಬಂತೆಂದರೆ ಸಾಕು, ಕೆಲವರು ಸಂಜೆಯೇ ಸೀಮೆಹಸುವಿನ ಬೂಸಾಕ್ಕೆ ಕಡಲೆಕಾಯಿ ಎಣ್ಣೆ ಸುರಿಯುತ್ತಾರೆ. ವಾರದಲ್ಲಿ ಫ್ಯಾಟ್ ಇನ್ನೂ ಇಳಿಯುತ್ತದೆ. ಆಗ ಎಣ್ಣೆ ಸಾಲಲಿಲ್ಲವೆಂದು ಮತ್ತಷ್ಟು ಸುರಿಯುತ್ತಾರೆ!

ಎಣ್ಣೆಯಲ್ಲಿರುವ ಲಿನೋಲಿಕ್ ಆಮ್ಲವನ್ನು ಮೆಲುಕು ಹೊಟ್ಟೆಯ ಸೂಕ್ಷ್ಮಜೀವಿಗಳು ಮಾರ್ಪಡಿಸುತ್ತವೆ. ನಾರು ಕಮ್ಮಿಯಾಗಿ ಹೊಟ್ಟೆ ಹುಳಿಯಾಗಿದ್ದರೆ ಆ ಕೆಲಸ ದಾರಿ ತಪ್ಪಿ ‘ಟ್ರಾನ್ಸ್-10, ಸಿಸ್-12 ಸಿಎಲ್‌ಎ’ ಎಂಬ ಕೊಬ್ಬಿನಾಮ್ಲ ಹುಟ್ಟುತ್ತದೆ. ರಕ್ತದೊಂದಿಗೆ ಕೆಚ್ಚಲು ಸೇರುವ ಇದು, ಅಲ್ಲಿ ಕೊಬ್ಬು ತಯಾರಿಸುವ ಕಿಣ್ವಗಳ ಉತ್ಪಾದನೆಯನ್ನೇ ತಗ್ಗಿಸುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಡೇಲ್ ಬೌಮನ್ ತಂಡ 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ದಿನಕ್ಕೆ ಇದರ 10 ಗ್ರಾಂ ನಾಲ್ಕನೇ ಹೊಟ್ಟೆಗೆ ಹೋದದ್ದಕ್ಕೇ ಹಾಲಿನ ಕೊಬ್ಬು ಶೇ 40ಕ್ಕೂ ಹೆಚ್ಚು ಕುಸಿಯಿತು.

ಮೊದಲು ಅಳತೆ ನೋಡಿ. ಕೊನೆಯಲ್ಲಿ ಇಳಿಯುವ ಹಾಲಿನಲ್ಲೇ ಕೊಬ್ಬು ಹೆಚ್ಚು. ಅದನ್ನು ಕರುವಿಗೆ ಬಿಟ್ಟು ಮುಂಚಿನ ಹಾಲನ್ನು ಡೈರಿಗೆ ಒಯ್ದರೆ ಹಸುವನ್ನು ದೂರಬೇಡಿ. ಪೂರ್ತಿ ಕರೆದು, ಕಲಕಿ ಪರೀಕ್ಷೆ ಮಾಡಿಸಿ. ಹಾಲಿನ ಪ್ರಮಾಣ ಹಾಗೇ ಇದ್ದು ಫ್ಯಾಟ್ ಮಾತ್ರ ಬಿದ್ದಿದ್ದರೆ ಮೇವಿನ ಮೇಲೆ ಅನುಮಾನ ಪಡಿ.

ಇನ್ನು ಎಣ್ಣೆ ನಿಲ್ಲಿಸಿ. ಬಾಟಲಿಯ ಎಣ್ಣೆಯಷ್ಟೇ ಅಲ್ಲ, ಎಣ್ಣೆ ತೆಗೆಯದ ಅಕ್ಕಿ ತೌಡು, ಜಿಡ್ಡು ಉಳಿದ ಗಾಣದ ಹಿಂಡಿ ಕೂಡ ಲೆಕ್ಕಕ್ಕೆ ಬರುತ್ತವೆ. ಹೊಟ್ಟೆ ಉಬ್ಬರಕ್ಕೆ ಪಶುವೈದ್ಯರು ಹೇಳುವ ಎಣ್ಣೆಯ ಮಾತು ಬೇರೆ. ಅದು ಒಂದು ಹೊತ್ತಿನ ಔಷಧಿ, ದಿನನಿತ್ಯದ ಮೇವಲ್ಲ. ತಲೆ ಎತ್ತಿ ಹಿಡಿದು ಗೊಟ್ಟದಲ್ಲಿ ಕುಡಿಸುವವರಿಗಂತೂ ಕೈಮುಗಿದು ಹೇಳುತ್ತೇನೆ, ಬೇಡ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಫ್ಯಾಟ್ ಇರಲಿ, ಹಸುವೇ ಉಳಿಯಲಿಕ್ಕಿಲ್ಲ.

ಬೆಳಿಗ್ಗೆ ಮೊದಲು ರಾಗಿ ಹುಲ್ಲೋ ಜೋಳದ ಸಪ್ಪೆಯೋ ಹಾಕಿ, ಆಮೇಲೆ ಬೂಸಾ. ಬೂಸಾವನ್ನು ಒಂದೇ ಸಲ ಸುರಿಯದೆ ಮೂರ್ನಾಲ್ಕು ಹೊತ್ತಿಗೆ ಹಂಚಿ. ಮೇವನ್ನು ಪುಡಿಯಾಗುವಂತೆ ಕತ್ತರಿಸಿದರೆ ಹಸು ಮೆಲುಕು ಹಾಕುವುದು ಕಡಿಮೆಯಾಗುತ್ತದೆ; ಹುಳಿ ತಗ್ಗಿಸುವ ಜೊಲ್ಲೂ ಸಾಲುವುದಿಲ್ಲ. ಮದುವೆ ಮನೆಯ ಉಳಿದ ಅನ್ನ ದೂರವಿರಲಿ. ಇಷ್ಟು ಮಾಡಿ ಸುಮಾರು ಎರಡು ವಾರ ಕಾಯಬೇಕು. ಮೂರನೇ ದಿನಕ್ಕೇ ಮೇವು ಬದಲಿಸುವವರು ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ.

ಹೆಚ್ಚು ಹಾಲು ಕೊಡುವ ಹಸುವಿಗೆ ಕೊಬ್ಬು ಕೊಡಲೇಬೇಕಿದ್ದರೆ ‘ಬೈಪಾಸ್ ಫ್ಯಾಟ್’ ಇದೆ. ಕ್ಯಾಲ್ಸಿಯಂ ಜೊತೆ ಕಟ್ಟಿದ ಈ ಕೊಬ್ಬು ಮೆಲುಕು ಹೊಟ್ಟೆಯನ್ನು ಬಹುಪಾಲು ಹಾಗೇ ದಾಟಿ ಮುಂದೆ ಕರಗುತ್ತದೆ. ದಿನಕ್ಕೆ 100–150 ಗ್ರಾಂ, ಪಶುವೈದ್ಯರನ್ನು ಕೇಳಿಕೊಂಡು.